ಆಸ್ಟಿನ್‌ಗೆ ಕೊಟ್ಟ ಪ್ರಸಾದ

ನಮ್ಮ ಚರ್ಚಿನಲ್ಲಿ ಚಿತ್ರೀಕರಿಸಿದ ಆ ಟಿವಿ ಧಾರಾವಾಹಿಯನ್ನು ದೇಶಕ್ಕೆ ದೇಶವೇ ಕೂತು ನೋಡಿತು. ಪತ್ರಿಕೆಯವರು ಹೊಗಳಿದ್ದೇ ಹೊಗಳಿದ್ದು. ಈ ಕಾಲದಲ್ಲಿ ನಂಬಿಕೆ ಎಂದರೇನು ಎಂಬುದನ್ನು ಇಷ್ಟು ಪ್ರಾಮಾಣಿಕವಾಗಿ ಯಾರೂ ತೋರಿಸಿರಲಿಲ್ಲವಂತೆ. ದೇವರ ಮೇಲಿನ ವಿಶ್ವಾಸ ಕಳೆದುಕೊಂಡ ಪಾದ್ರಿಯೊಬ್ಬನ ಕಥೆ ಅದು. ಆ ಪಾದ್ರಿಯ ಪಾತ್ರ ಮಾಡಿದ ನಟ ಅಳುವುದರಲ್ಲಿ ಗಟ್ಟಿಗ, ಅದಕ್ಕೆ ಅವನಿಗೆ ಬಹುಮಾನವೂ ಬಂತು. ನಾನು ಎರಡನೇ ಕಂತಿನ ನಡುವೆಯೇ ಟಿವಿ ಆರಿಸಿ ಪಾತ್ರೆ ತೊಳೆಯಲು ಎದ್ದು ಹೋದೆ. ನಂಬಿಕೆ ಕಳೆದುಕೊಳ್ಳುವುದೇ ಲೋಕದ ದೊಡ್ಡ ಕಷ್ಟ ಎಂದು ಅದನ್ನು ಬರೆದವರು ತಿಳಿದಿದ್ದಾರೆ. ಕಳೆದುಕೊಳ್ಳಲಾರದೆ ಒದ್ದಾಡಿದವಳೊಬ್ಬಳು ಅವರ ಕ್ಯಾಮೆರಾದ ಪಕ್ಕದಲ್ಲೇ ನಡೆದು ಹೋದಳು. ಅವಳು ಅವರ ಕಣ್ಣಿಗೆ ಬೀಳಲಿಲ್ಲ.

ಅವಳು ವಿನ್ ಫೇರ್‌ಹರ್ಸ್ಟ್. ಪೂರ್ತಿ ಹೆಸರು ವಿನಿಫ್ರೆಡ್, ಆದರೆ ಹಾಗೆ ಕರೆದವರಿಗೆ ಅವಳು ಓಗೊಡುತ್ತಿರಲಿಲ್ಲ. ವಿಗನ್ ಪಟ್ಟಣದ ಪಕ್ಕದ ನಮ್ಮ ಊರಿನಲ್ಲೇ ಹುಟ್ಟಿ, ಸನ್ಯಾಸಿನಿಯರ ಶಾಲೆಯಲ್ಲಿ ನನ್ನ ಪಕ್ಕದಲ್ಲೇ ಕೂತು ಕಲಿತು, ಮುಂದೆ ಅದೇ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಪೈ, ಬೇಯಿಸಿದ ಆಲೂಗಡ್ಡೆ, ಗಟ್ಟಿ ಕಸ್ಟರ್ಡ್ ಬಡಿಸುತ್ತ ನಿವೃತ್ತಿಯಾದವಳು. ಊರಿನ ಅರ್ಧ ಜನ ಅವಳ ಸೌಟಿನ ಕೆಳಗೆ ಬೆಳೆದವರೇ. ಬ್ಯಾಂಕಿನ ಮ್ಯಾನೇಜರನನ್ನು ಕಂಡರೂ, "ಈಗಲಾದ್ರೂ ಬಟಾಣಿ ತಿಂತೀಯೇನೋ?" ಎಂದು ಎಲ್ಲರೆದುರು ಕೇಳುವ ಬಾಯಿ. ಹಾಡಿದರೆ ಚರ್ಚಿನ ಆರ್ಗನ್ ಒಂದು ಕಡೆ, ಇವಳು ಒಂದು ಕಡೆ. "ದೇವರಿಗೆ ಸಂಗೀತ ಬರಲ್ಲ ಬಿಡೇ," ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ನಿವೃತ್ತಿಯಾದ ಮೇಲೆ ಅವಳಿಗೆ ಇನ್ನೊಂದು ಕೆಲಸ ಸಿಕ್ಕಿತು. ಹಾಸಿಗೆ ಹಿಡಿದು ಚರ್ಚಿಗೆ ಬರಲಾಗದವರಿಗೆ ಪರಮಪ್ರಸಾದ ಒಯ್ದು ಕೊಡುವ ಕೆಲಸ. ಪೂಜೆಯಲ್ಲಿ ಪಾದ್ರಿ 'ಇದು ನನ್ನ ಶರೀರ' ಎಂಬ ಕ್ರಿಸ್ತನ ಮಾತುಗಳನ್ನು ಹೇಳಿದ ಮೇಲೆ ಗೋದಿಯ ಬಿಲ್ಲೆ ಬಿಲ್ಲೆಯಾಗಿ ಉಳಿಯುವುದಿಲ್ಲ, ಕ್ರಿಸ್ತನ ದೇಹವೇ ಆಗುತ್ತದೆ. ಅದು ಬರೀ ಗುರುತು, ಬರೀ ನೆನಪು ಎನ್ನುವುದೆಲ್ಲ ಪಕ್ಕದ ಬೀದಿಯಲ್ಲಿ ಬೇರೆ ಚರ್ಚಿರುವ ಮೆಥಡಿಸ್ಟರ ಮಾತು. ನಮ್ಮಲ್ಲಿ ಅದನ್ನು ಚಿಕ್ಕ ಡಬ್ಬಿಯಲ್ಲಿಟ್ಟು, ಕತ್ತಿಗೆ ನೇತುಹಾಕಿಕೊಂಡು, ದಾರಿಯಲ್ಲಿ ಎಲ್ಲೂ ನಿಲ್ಲದೆ, ಯಾರನ್ನೂ ಮಾತಾಡಿಸದೆ ನೇರವಾಗಿ ರೋಗಿಯ ಮನೆಗೆ ಒಯ್ಯಬೇಕು. ವಿನ್ ಎದೆಯ ಮೇಲೆ ಕೈ ಇಟ್ಟುಕೊಂಡು ರಸ್ತೆಯಲ್ಲಿ ಬರುತ್ತಿದ್ದರೆ ಚಿಪ್ಸ್ ಅಂಗಡಿಯ ಸಾಲಿನವರೂ ದಾರಿ ಬಿಡುತ್ತಿದ್ದರು. ಬಾಯಿ ಮುಚ್ಚಿಕೊಂಡು ಹೋಗುತ್ತಿರುವ ವಿನ್ ಎಂದರೆ ಅವಳ ಜೊತೆ ದೇವರೇ ಇದ್ದಾನೆ ಎಂದು ಊರಿಗೆ ಅರ್ಥವಾಗುತ್ತಿತ್ತು.

ರೋಗಿಗಳಿಗೆಂದು ಉಳಿಸಿದ ಪ್ರಸಾದ ಪೀಠದ ಹಿಂದಿನ ಹಿತ್ತಾಳೆಯ ಪೆಟ್ಟಿಗೆಯಲ್ಲಿರುತ್ತದೆ. ಒಳಗೆ ಪ್ರಸಾದವಿರುವ ತನಕ ಅದರ ಮೇಲೆ ಕೆಂಪು ದೀಪ ಉರಿಯುತ್ತದೆ, ಪೆಟ್ಟಿಗೆ ಖಾಲಿಯಾದರೆ ದೀಪ ಆರಿಸುತ್ತಾರೆ. ದೀಪ ಉರಿಯುತ್ತಿದೆ ಎಂದರೆ ದೇವರು ಮನೆಯಲ್ಲಿದ್ದಾನೆ. ಅಕ್ಷರ ತಿದ್ದುವ ಮುಂಚೆ ನಾವು ಕಲಿತದ್ದು ಇದನ್ನು. ಚರ್ಚಿನೊಳಗೆ ಕಾಲಿಟ್ಟ ಕೂಡಲೇ ನಮ್ಮವರ ಕಣ್ಣು ಹೋಗುವುದು ಆ ದೀಪಕ್ಕೆ. ಅದು ಕಂಡರೆ ಮಂಡಿ ತಾನಾಗಿ ಬಾಗುತ್ತದೆ, ಯೋಚನೆ ಮಾಡಬೇಕಾಗಿಲ್ಲ.

ವಿನ್‌ಳ ಗಂಡ ಆಸ್ಟಿನ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಪ್ರತಿ ಭಾನುವಾರ ಅವಳನ್ನು ಕಾರಿನಲ್ಲಿ ಚರ್ಚಿನ ಬಾಗಿಲಿಗೆ ತಂದು ಬಿಡುತ್ತಿದ್ದ. ತಾನು ಮಾತ್ರ ಇಳಿಯುತ್ತಿರಲಿಲ್ಲ. ಪೂಜೆ ಮುಗಿಯುವ ತನಕ ಕಾರಿನಲ್ಲೇ ಕೂತು ಪತ್ರಿಕೆಯ ರಗ್ಬಿ ಪುಟ ಓದುತ್ತಿದ್ದ. ಮಳೆಯಿರಲಿ, ಹಿಮ ಬೀಳಲಿ, ಕ್ರಿಸ್‌ಮಸ್ಸೇ ಇರಲಿ, ಅವನು ಕಾರಿನಲ್ಲೇ. ಮದುವೆಯಾದ ಹೊಸದರಲ್ಲಿ ಹೀಗಿರಲಿಲ್ಲ, ಅವಳಿಗಿಂತ ಮುಂಚೆ ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ. ಆಮೇಲೆ ಕ್ಲೇರ್ ಹುಟ್ಟಿತು. ಹುಟ್ಟಿದ ಮಾರನೆಯ ಬೆಳಿಗ್ಗೆ ಹೋಗಿಬಿಟ್ಟಿತು. ಜ್ಞಾನಸ್ನಾನ ಆಗಿರಲಿಲ್ಲ. ಆಗಿದ್ದ ಮುದಿ ಪಾದ್ರಿ ಆಸ್ಟಿನ್‌ನನ್ನು ಬಾಗಿಲಲ್ಲೇ ನಿಲ್ಲಿಸಿ, "ತಲೆ ಮೇಲೆ ನೀರು ಬಿದ್ದಿಲ್ಲವಲ್ಲ ಆಸ್ಟಿನ್, ನಾನೇನು ಮಾಡಲಿ?" ಎಂದರು. ಪೂಜೆ ಇಲ್ಲ, ಗಂಟೆ ಇಲ್ಲ. ಮಗು ಸ್ಮಶಾನದ ಗೋಡೆ ಪಕ್ಕದ ಜಾಗಕ್ಕೆ ಹೋಯಿತು. ಅಂದಿನಿಂದ ಆಸ್ಟಿನ್ ಪ್ರಸಾದ ತೆಗೆದುಕೊಂಡಿದ್ದಿಲ್ಲ. ಅವರಿಗೆ ಬೇರೆ ಮಕ್ಕಳೂ ಆಗಲಿಲ್ಲ.

ವಿನ್ ಅವನನ್ನು ಬಲವಂತ ಮಾಡಿದವಳಲ್ಲ. ಆದರೆ ಪ್ರತಿ ಪೂಜೆಯಲ್ಲೂ ಅವಳು ಬೇಡುತ್ತಿದ್ದುದು ಒಂದನ್ನೇ, ಸಾಯುವ ಮುಂಚೆ ಒಂದು ಸಲ ಆಸ್ಟಿನ್ ಪ್ರಸಾದ ತಗೊಳ್ಳಲಿ ಎಂದು. ನನಗೆ ಮೊಮ್ಮಗ ಹುಟ್ಟಲಿ, ನನ್ನ ಮಂಡಿ ನೋವು ಹೋಗಲಿ ಎಂದು ನಾನು ದೇವರಿಗೆ ಹತ್ತಾರು ಅರ್ಜಿ ಹಾಕುತ್ತಿದ್ದೆ. ಅವಳು ಜೀವನವಿಡೀ ಆ ಒಂದೇ ಅರ್ಜಿ ಹಿಡಿದು ನಿಂತಿದ್ದಳು.

ಡಿಪೋದ ಧೂಳು ಆಸ್ಟಿನ್‌ನ ಶ್ವಾಸಕೋಶವನ್ನು ತಿಂದುಹಾಕಿತ್ತು. ಕೊನೆಗೆ ಮಹಡಿ ಹತ್ತಲಾಗದೆ ಮುಂದಿನ ಕೋಣೆಯಲ್ಲೇ ಹಾಸಿಗೆ ಹಾಕಿದರು. ವಿನ್ ಅವನನ್ನು ಬಿಟ್ಟು ಕದಲದೆ ಭಾನುವಾರದ ಪೂಜೆಗೂ ಹೋಗುವುದನ್ನು ನಿಲ್ಲಿಸಿದಳು. ಟಿವಿಯವರು ಊರಿಗೆ ಬಂದದ್ದು ಆಗಲೇ. ಲಾರಿಗಳು ಬೀದಿ ತುಂಬ ನಿಂತವು. ಕಿಟಕಿಯ ಪಕ್ಕ ಮಲಗಿದ್ದ ಆಸ್ಟಿನ್‌ಗೆ ಅದೇ ಕಾಲಕ್ಷೇಪ.

"ಏನ್ ಕಥೆಯಂತೆ ಮೋನಿ ಅದು?" ಎಂದು ನನ್ನನ್ನು ಕೇಳಿದ.

"ದೇವರನ್ನ ನಂಬದೇ ಇರೋ ಪಾದ್ರಿದಂತೆ," ಎಂದೆ.

"ಅಯ್ಯೋ, ಅದಕ್ಕೆ ಲಂಡನ್ನಿಂದ ನಟನ್ನ ಯಾಕೆ ಕರೆಸಿದ್ರು? ನಮ್ಮಲ್ಲೇ ಇರ್ಲಿಲ್ವಾ?" ಎಂದು ನಕ್ಕ. ನಗು ಕೆಮ್ಮಿಗೆ ತಿರುಗಿ, ವಿನ್ ಓಡಿ ಬಂದು ನನ್ನನ್ನು ಬೈದಳು.

ಗುರುವಾರ ಬೆಳಿಗ್ಗೆ ಬಂದ ನರ್ಸಮ್ಮ ಅವನ ತಣ್ಣಗಾಗುತ್ತಿದ್ದ ಕಾಲು ಮುಟ್ಟಿ ನೋಡಿ, ವಿನ್‌ಳನ್ನು ಅಡುಗೆಮನೆಗೆ ಕರೆದು, "ಇವತ್ತು ಹೊರಗೆಲ್ಲೂ ಹೋಗ್ಬೇಡಿ," ಎಂದು ಹೇಳಿ ಹೋದಳು. ನಾನು ಚಹಾ ಮಾಡುತ್ತಿದ್ದೆ. ಒಳಗಿಂದ ಆಸ್ಟಿನ್ ಕೂಗಿದ.

"ವಿನ್, ಅದನ್ನ ತಗೊಂಬಾರೇ."

"ಏನನ್ನ? ನೀರಾ?"

"ಊರವರಿಗೆಲ್ಲ ಕೊಟ್ಟು ಬರ್ತೀಯಲ್ಲ, ಅದನ್ನ. ನಂಗೂ ಒಂದು ತಂದುಕೊಡು."

ಅವಳು ಬಾಗಿಲಲ್ಲಿ ಹಾಗೇ ನಿಂತುಬಿಟ್ಟಳು. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. "ಫಾದರ್‌ಗೆ ಫೋನ್ ಮಾಡ್ತೀನಿ," ಎಂದಳು.

"ಪಾದ್ರಿ ಬೇಡ. ನೀನೇ ತರ್ಬೇಕು. ಪಾದ್ರಿ ಬಂದ್ರೆ ನಾನು ಬಾಯಿ ತೆಗೆಯಲ್ಲ."

ಪಾದ್ರಿ ಬೇಕೆಂದಿದ್ದರೂ ಇರಲಿಲ್ಲ. ಫಾದರ್ ಒಬಿಯೋರಾ ಮೂರು ಚರ್ಚುಗಳನ್ನು ಒಬ್ಬರೇ ನೋಡಿಕೊಳ್ಳುವವರು. ಆ ವಾರ ಚಿತ್ರೀಕರಣಕ್ಕೆ ನಮ್ಮದನ್ನು ಬಿಟ್ಟುಕೊಟ್ಟು ಲಿವರ್‌ಪೂಲಿನಲ್ಲಿ ಧ್ಯಾನಕೂಟಕ್ಕೆ ಹೋಗಿದ್ದರು. ಇಷ್ಟು ವರ್ಷ ದೂರವಿದ್ದವನು ಮೊದಲು ಪಾದ್ರಿಯೆದುರು ಪಾಪನಿವೇದನೆ ಮಾಡಬೇಕು ಎಂಬ ನಿಯಮ ವಿನ್‌ಗೆ ಗೊತ್ತಿರಲಿಲ್ಲ ಎಂದಲ್ಲ. ಅವಳು ಹಾಸಿಗೆಯ ಪಕ್ಕ ಕೂತು ಪಶ್ಚಾತ್ತಾಪದ ಪ್ರಾರ್ಥನೆಯನ್ನು ಒಂದೊಂದೇ ಮಾತಾಗಿ ಹೇಳಿಕೊಟ್ಟಳು, ಅವನು ಉಸಿರು ಸಿಕ್ಕಷ್ಟು ಹೇಳಿದ. ಸಾವು ಬಾಗಿಲಲ್ಲಿದ್ದಾಗ ಅಷ್ಟು ಸಾಕೆಂದು ನಮ್ಮ ಸನ್ಯಾಸಿನಿಯರೇ ಕಲಿಸಿದ್ದರು. ಕೋಟು ಹಾಕಿಕೊಂಡು, ಡಬ್ಬಿಯನ್ನು ಕತ್ತಿಗೆ ಹಾಕಿಕೊಂಡು ಅವಳು ಹೊರಟಳು.

ಅವಳು ಹೋದ ಮೇಲೆ ಆಸ್ಟಿನ್ ನನ್ನ ಕಡೆ ನೋಡಿದ. "ಅವಳ ಸಮಾಧಾನಕ್ಕೆ ಅಂದ್ಕೋಬೇಡ ಮೋನಿ. ನಂಗೇ ಬೇಕು."

"ನಾನೇನೂ ಕೇಳ್ಲಿಲ್ವಲ್ಲಪ್ಪ."

"ಕ್ಲೇರ್‌ನ ನೋಡ್ಬೇಕು. ಅದು ಎಲ್ಲಿದ್ಯೋ ಅಲ್ಲಿಗೇ ಹೋಗ್ಬೇಕು. ಬಾಗಿಲಲ್ಲಿ ಇವರ ಟಿಕೆಟ್ ತೋರಿಸು ಅಂದ್ರೆ ತೋರಿಸೇ ಹೋಗ್ತೀನಿ. ಜಗಳ ಆಡಿ ಆಡಿ ಸುಸ್ತಾಗಿದೆ ಕಣೇ." ಅಷ್ಟು ಹೇಳುವುದಕ್ಕೆ ಅವನಿಗೆ ಬಹಳ ಹೊತ್ತು ಹಿಡಿಯಿತು. ನಾನು ಅವನ ತುಟಿ ಒರೆಸಿದೆ.

ಚರ್ಚಿನಲ್ಲಿ ನಡೆದದ್ದನ್ನು ವಿನ್ ಆಮೇಲೆ ಎಷ್ಟು ಸಲ ಹೇಳಿದ್ದಾಳೆಂದರೆ ನಾನೇ ಜೊತೆಗಿದ್ದ ಹಾಗೆ ಅನ್ನಿಸುತ್ತದೆ. ಟಿವಿಯವರೆಲ್ಲ ಅಂಗಳದ ಊಟದ ವ್ಯಾನಿನ ಮುಂದೆ ತಟ್ಟೆ ಹಿಡಿದು ನಿಂತಿದ್ದರು. ಬಾಗಿಲಲ್ಲಿದ್ದ ಹುಡುಗಿ ಇವಳ ಹಳೆಯ ಕೋಟು, ಟೋಪಿ ನೋಡಿ, "ಗುಂಪಿನ ದೃಶ್ಯದವ್ರಾ ಅಮ್ಮ? ವೇಷ ತುಂಬಾ ಚೆನ್ನಾಗಿ ಮಾಡಿದಾರೆ," ಎಂದಳಂತೆ. ವಿನ್ ಉತ್ತರ ಕೊಡದೆ ಒಳಗೆ ಹೋದಳು. ಒಳಗೆ ಯಾರೂ ಇರಲಿಲ್ಲ. ನೆಲದ ತುಂಬ ವೈರುಗಳು, ದೊಡ್ಡ ದೊಡ್ಡ ಲೈಟು, ಮೊಳೆ ಹೊಡೆದು ಕೂರಿಸಿದ ಹೊಸದೊಂದು ಸಂತನ ವಿಗ್ರಹ. ಪ್ರಸಾದವನ್ನು ಬೇರೆಲ್ಲಾದರೂ ಇಟ್ಟಿರಬಹುದೇ ಎಂಬ ಅನುಮಾನ ಅವಳಿಗೂ ಬಂತು. ಅದಕ್ಕೇ ಅವಳು ಮೊದಲು ನೋಡಿದ್ದು ದೀಪವನ್ನು. ದೀಪ ಕೆಂಪಗೆ ಉರಿಯುತ್ತಿತ್ತು.

ಮಂಡಿಯೂರಿದಳು. ಪೆಟ್ಟಿಗೆಯ ಬೀಗದಲ್ಲೇ ಕೀಲಿ ಇತ್ತು. "ಕೀಲಿ ಹೀಗೆ ಬಿಟ್ಟಿದಾರಲ್ಲ, ಫಾದರ್‌ಗೆ ಹೇಳಿ ಎರಡು ಬೈಬೇಕು" ಎಂದುಕೊಂಡು ತೆಗೆದಳು. ಬಟ್ಟಲಿನಿಂದ ಒಂದು ಬಿಲ್ಲೆಯನ್ನು ಡಬ್ಬಿಗೆ ಹಾಕಿಕೊಂಡು, ಮತ್ತೆ ಮಂಡಿಯೂರಿ, ಎದೆಯ ಮೇಲೆ ಕೈ ಇಟ್ಟುಕೊಂಡು ಹೊರಬಂದಳು. ಯಾರೂ ತಡೆಯಲಿಲ್ಲ. ಆ ದಾರಿಯಷ್ಟು ಸಂತೋಷ ತನಗೆ ಮದುವೆಯ ದಿನವೂ ಆಗಿರಲಿಲ್ಲ ಎನ್ನುತ್ತಿದ್ದಳು.

ಅವಳು ಬಿಲ್ಲೆ ಎತ್ತಿ ಹಿಡಿದು, "ಕ್ರಿಸ್ತನ ಶರೀರ," ಎಂದಾಗ ಆಸ್ಟಿನ್ "ಆಮೆನ್" ಎಂದ. ಬಾಯಿ ತೆಗೆದ. ಒಣಗಿದ ನಾಲಿಗೆಗೆ ಅಂಟಿಕೊಂಡಿತೆಂದು ಚಮಚದಲ್ಲಿ ನೀರು ಕುಡಿಸಿದಳು. ನುಂಗಿ, ಕಣ್ಣು ಮುಚ್ಚಿಕೊಂಡೇ, "ಇಷ್ಟು ವರ್ಷ ಆದ್ರೂ ರುಚಿ ಸರಿ ಮಾಡಿಲ್ವಲ್ಲೇ ಇವ್ರು, ಇನ್ನೂ ಅದೇ ರಟ್ಟು," ಎಂದ. ಮೂವರೂ ನಕ್ಕೆವು. ನಗುತ್ತಲೇ ಅವನು ಅತ್ತ. ವಿನ್ ಅವನ ಹಣೆಗೆ ಹಣೆ ಒತ್ತಿ ಕೂತಳು, ನಾನು ಅಡುಗೆಮನೆಗೆ ಹೋದೆ. ದೀಪ ಹಚ್ಚುವ ಹೊತ್ತಿಗೆ ಅವನು ಹೋಗಿಬಿಟ್ಟಿದ್ದ.

ಎರಡು ದಿನ ವಿನ್‌ಳ ಮುಖದಲ್ಲಿದ್ದ ಬೆಳಕನ್ನು ನಾನು ಬೇರೆ ಯಾವ ವಿಧವೆಯ ಮುಖದಲ್ಲೂ ಕಂಡಿಲ್ಲ. ಫೋನು ಎತ್ತಿದರೆ, "ಆಸ್ಟಿನ್ ಹೋಗ್ಬಿಟ್ಟ," ಎನ್ನುವ ಮುಂಚೆಯೇ, "ಆಸ್ಟಿನ್ ಪ್ರಸಾದ ತಗೊಂಡ" ಎನ್ನುತ್ತಿದ್ದಳು. ಹ್ಯಾಮ್ ಸ್ಯಾಂಡ್‌ವಿಚ್ ತಂದವರಿಗೆಲ್ಲ ಅದನ್ನೇ ಹೇಳಿ ಅವರಿಂದಲೂ ಒಂದು "ದೇವರಿಗೆ ಸ್ತೋತ್ರ" ಹೇಳಿಸುತ್ತಿದ್ದಳು.

ಶನಿವಾರ ಫಾದರ್ ಒಬಿಯೋರಾ ಅಂತ್ಯಕ್ರಿಯೆಯ ವಿಷಯ ಮಾತಾಡಲು ಬಂದರು. ನೈಜೀರಿಯಾದವರು, ಎತ್ತರದ ಆಳು, ನಮ್ಮ ಚಳಿಗೆ ಎರಡು ಸ್ವೆಟರ್ ಹಾಕಿಕೊಂಡೇ ಇರುವವರು. ಊರಲ್ಲಿ ಇರಲಿಲ್ಲವೆಂದು ಅವರು ಕ್ಷಮೆ ಕೇಳಿದರು.

"ಅಯ್ಯೋ, ಅದಕ್ಕೇನು ಬಿಡಿ ಫಾದರ್," ಎಂದಳು ವಿನ್. "ನಾನೇ ಕೊಟ್ನಲ್ಲ. ಅವನೇ ಕೇಳಿ ತಗೊಂಡ. ಮೋನಿ ಸಾಕ್ಷಿ."

ಫಾದರ್ ಮುಖ ಅರಳಿತು. ಆಮೇಲೆ ನಿಧಾನವಾಗಿ, "ಎಲ್ಲಿಂದ ತಂದ್ರಿ ಮಿಸೆಸ್ ಫೇರ್‌ಹರ್ಸ್ಟ್?" ಎಂದು ಕೇಳಿದರು.

"ಎಲ್ಲಿಂದ ಅಂದ್ರೆ? ನಮ್ಮ ಚರ್ಚಿಂದ. ಗುರುವಾರ, ಊಟದ ಹೊತ್ತಲ್ಲಿ. ದೀಪ ಉರೀತಿತ್ತಲ್ಲ."

ಫಾದರ್ ಕೈಯಲ್ಲಿದ್ದ ಚಹಾದ ಕಪ್ಪನ್ನು ತಟ್ಟೆಯ ಮೇಲಿಡಲು ಹೋದರು, ಅದು ಸರಿಯಾಗಿ ಕೂರಲಿಲ್ಲ. ಒಂದು ಸುಳ್ಳು ಹೇಳಿದ್ದರೆ ಆಗುತ್ತಿತ್ತು. ಪಾದ್ರಿಗೆ ಸುಳ್ಳು ಹೇಳಲು ಬರದಿದ್ದರೆ ಅದು ಒಳ್ಳೆಯದೇ ಎಂದು ಜನ ಹೇಳುತ್ತಾರೆ. ಆ ಗಳಿಗೆಯಲ್ಲಿ ಅವರ ಪ್ರಾಮಾಣಿಕತೆಗೆ ನಾನು ಮನಸಾರೆ ಶಾಪ ಹಾಕಿದೆ.

"ಏನಾಯ್ತು ಫಾದರ್?"

"ಚಿತ್ರೀಕರಣ ಶುರುವಾಗೋ ಮುಂಚೆ ನಾನೇ ಪ್ರಸಾದ ಎಲ್ಲಾ ತೆಗೆದು ಆಚೆ ಚರ್ಚಿಗೆ ಒಯ್ದೆ. ಭಾನುವಾರ ಪೂಜೇಲಿ ಹೇಳಿದ್ದೆ. ದೀಪಾನೂ ನಾನೇ ಆರಿಸಿದ್ದೆ."

ಆ ಭಾನುವಾರ ಅವಳು ಆಸ್ಟಿನ್‌ನ ಪಕ್ಕದಲ್ಲಿದ್ದಳು, ನಾನು ಪ್ರೆಸ್ಟನ್ನಿನಲ್ಲಿ ಮಗಳ ಮನೆಯಲ್ಲಿದ್ದೆ. ದೀಪವನ್ನು ಹಚ್ಚಿದವರು ಟಿವಿಯವರು. ಬಟ್ಟಲಿನಲ್ಲಿದ್ದದ್ದು ಅವರು ದೃಶ್ಯಕ್ಕೆಂದು ತುಂಬಿಸಿಟ್ಟ ಬಿಲ್ಲೆಗಳು. ಅವುಗಳ ಮೇಲೆ ಯಾವ ಪಾದ್ರಿಯೂ ಯಾವ ಮಾತನ್ನೂ ಹೇಳಿರಲಿಲ್ಲ, ಆ ನಟನೊಬ್ಬನನ್ನು ಬಿಟ್ಟರೆ.

ಫಾದರ್ ನೆಲದ ಮೇಲೆ ವಿನ್‌ಳ ಕಾಲ ಬಳಿಯೇ ಕುಳಿತರು. "ದೇವರು ಮನಸ್ಸು ನೋಡ್ತಾನೆ. ಆಸ್ಟಿನ್ ಆಸೆಪಟ್ಟು ಕೇಳಿದ್ರು. ನೀವು ಪ್ರೀತಿಯಿಂದ ಕೊಟ್ರಿ. ಆ ಆಸೆಯೇ ಸಾಕು. ಇದನ್ನ ನಾನಾಗಿ ಹೇಳ್ತಿಲ್ಲ, ನಮ್ಮ ಧರ್ಮಸಭೆಯೇ ಕಲಿಸುತ್ತೆ," ಎಂದರು.

"ಆಸೆ ಸಾಕಾ?"

"ಸಾಕು ತಾಯಿ."

"ನನ್ನ ಮಗೂಗೆ ಯಾಕೆ ಸಾಕಾಗ್ಲಿಲ್ಲ ಹಾಗಾದ್ರೆ?" ಅವಳ ದನಿ ಏರಲಿಲ್ಲ. "ಒಂದು ಲೋಟ ನೀರು ಕಣ್ರೀ. ನನ್ನ ಆಸೆ ಏನು ಕಮ್ಮಿ ಇತ್ತಾ? ಅವತ್ತು ನೀರೇ ಬೇಕು ಅಂದ್ರಿ. ಇವತ್ತು ಹಿಟ್ಟಾದ್ರೂ ನಡೆಯುತ್ತೆ ಅಂತೀರಿ. ಅವತ್ತಿಂದು ತಪ್ಪಾ, ಇವತ್ತಿಂದು ತಪ್ಪಾ?"

"ಅವತ್ತು ನಿಮಗೆ ಮಾಡಿದ್ದು ತಪ್ಪು," ಎಂದರು ಫಾದರ್. ಅವರ ಕಣ್ಣಲ್ಲಿ ನೀರಿತ್ತು. "ಅದಕ್ಕೆ ನಾನು ತಲೆ ತಗ್ಗಿಸ್ತೀನಿ."

"ಆಯ್ತು. ಆಸೆ ಸಾಕು. ಹಾಗಿದ್ರೆ ಮಳೇಲಿ ನೆನ್ಕೊಂಡು ನಾನು ಮನೆಮನೆಗೆ ಹೊತ್ಕೊಂಡು ಹೋಗಿದ್ದು ಏನು? ಬಿಸ್ಕತ್ತಾ? ಒಂದು ಚೂರು ಬಿದ್ರೆ ನೆಲ ನೆಕ್ಕು ಅಂತ ಕಲಿಸಿದ್ರಲ್ಲ ನಂಗೆ! ಅದು ನಿಜವಾಗ್ಲೂ ಕ್ರಿಸ್ತನ ದೇಹ ಆಗಿದ್ರೆ ನನ್ನ ಗಂಡಂಗೆ ಸಿಗ್ಲಿಲ್ಲ. ಸಿಕ್ತು ಅಂದ್ರೆ ಅದು ಏನೂ ಅಲ್ಲ. ಎರಡ್ರಲ್ಲಿ ಒಂದು ಹೇಳಿ."

ಫಾದರ್ ಉತ್ತರ ಹೇಳಲು ನೋಡಿದರು. ರಹಸ್ಯ, ಕರುಣೆ ಎಂಬ ಮಾತುಗಳು ಬಂದವು. ಅವು ಕೆಟ್ಟ ಮಾತುಗಳಲ್ಲ, ಆದರೆ ಅವಳು ಕೇಳಿದ್ದಕ್ಕೆ ಉತ್ತರವೂ ಅಲ್ಲ. ಕೊನೆಗೆ ಅವಳು, "ಈಗ ಕೊಡಿ ಅವನಿಗೆ. ಆಚೆ ಚರ್ಚಿಂದ ತಂದು, ಪೆಟ್ಟಿಗೇಲಿ ಮಲಗಿರೋವಾಗ ಕೊಡಿ," ಎಂದಳು. ಸತ್ತವರಿಗೆ ಪ್ರಸಾದ ಕೊಡುವ ಹಾಗಿಲ್ಲ ಎಂದು ಫಾದರ್ ಬಹಳ ಮೆತ್ತಗೆ ಹೇಳಿದರು. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಸೋಮವಾರ ಟಿವಿಯವರು ಸಾಮಾನು ಕಟ್ಟುತ್ತಿದ್ದರು. ವಿನ್ ನನ್ನ ಕೈ ಹಿಡಿದು ಎಳೆದುಕೊಂಡು ಅಲ್ಲಿಗೆ ಹೋದಳು. ಫಾದರ್ ತೆಗೆದಾಗ ಬಟ್ಟಲಿನ ತಳದಲ್ಲಿ ನಿಜವಾದದ್ದು ಒಂದು ಉಳಿದುಬಿಟ್ಟಿರಬಹುದು, ತನ್ನ ಬೆರಳಿಗೆ ಸಿಕ್ಕಿದ್ದು ಅದೇ ಇರಬಹುದು ಎಂಬ ಆಸೆ ಅವಳಿಗೆ. ಸಾಮಾನು ನೋಡಿಕೊಳ್ಳುವ ಹೆಂಗಸು ನಮ್ಮ ಮಗಳ ವಯಸ್ಸಿನವಳು, ಒಳ್ಳೆಯವಳು. ಎಲ್ಲ ಕೇಳಿ ಅವಳ ಬಣ್ಣವೇ ಇಳಿದುಹೋಯಿತು.

"ಬಟ್ಟಲು ನಮ್ಮದೇ ಅಮ್ಮ," ಎಂದಳು. "ನಿಮ್ಮದನ್ನ ಪಾದ್ರಿಗಳು ತಗೊಂಡು ಹೋಗಿದ್ರು. ಹೊಸ ಪ್ಯಾಕೆಟ್ ಒಡೆದು ನಾನೇ ಸುರಿದೆ. ದೀಪಾನೂ ನಾನೇ ಹಚ್ಚಿದ್ದು. ಶಾಟ್‌ನಲ್ಲಿ ಚೆನ್ನಾಗಿ ಕಾಣ್ತಿತ್ತು. ನನಗೆ ಗೊತ್ತಿರ್ಲಿಲ್ಲ ಅಮ್ಮ, ದೇವರಾಣೆ ಗೊತ್ತಿರ್ಲಿಲ್ಲ."

"ನಿನ್ನದೇನು ತಪ್ಪಿಲ್ಲ ಬಿಡಮ್ಮ," ಎಂದಳು ವಿನ್. ಆ ಹೆಂಗಸಿಗೆ ಏನು ಮಾಡಬೇಕೆಂದು ತಿಳಿಯದೆ, ಉಳಿದಿದ್ದ ಬಿಲ್ಲೆಗಳ ಪ್ಯಾಕೆಟ್ಟನ್ನೇ ತಂದು, "ಬೇಕಿದ್ರೆ ಇಟ್ಕೊಳ್ಳಿ," ಎಂದು ವಿನ್‌ಳ ಕೈಗೆ ಕೊಟ್ಟಳು. ವಿನ್ ಥ್ಯಾಂಕ್ಸ್ ಹೇಳಿ ಈಸಿಕೊಂಡಳು. ನಮ್ಮೂರಲ್ಲಿ ಯಾರಾದರೂ ಏನಾದರೂ ಕೊಟ್ಟರೆ ಬೇಡವೆನ್ನುವುದಿಲ್ಲ.

ಮನೆಗೆ ಬಂದು ಆ ಪ್ಯಾಕೆಟ್ಟನ್ನು ಮೇಜಿನ ಮೇಲೆ ಸುರಿದು, ಒಂದೊಂದೇ ಬಿಲ್ಲೆ ಬಾಯಿಗೆ ಹಾಕಿಕೊಂಡು ಅಗಿದಳು. ನಾವು ಪ್ರಸಾದವನ್ನು ಹಲ್ಲಿಗೆ ತಾಗಿಸುವುದಿಲ್ಲ. ಚಿಕ್ಕಂದಿನಲ್ಲಿ ಹಾಗೆ ಮಾಡಿದರೆ ಸನ್ಯಾಸಿನಿಯರು ಕಿವಿ ಹಿಂಡುತ್ತಿದ್ದರು. ಅವಳು ಕರಕರ ಅಗಿದಳು.

"ಎಲ್ಲಾ ಒಂದೇ ರುಚಿ ಕಣೇ ಮೋನಿ. ಚರ್ಚಿಂದೂ ಇದೇ ರುಚಿ. ಅದೂ ಬರೀ ಹಿಟ್ಟೇ. ಯಾವತ್ತೂ ಬರೀ ಹಿಟ್ಟೇ ಆಗಿತ್ತು, ನಮ್ಮನ್ನ ಯಾಮಾರಿಸಿದ್ರು ಅಷ್ಟೆ. ನಂಗೂ ಹಿಟ್ಟು, ನಿಂಗೂ ಹಿಟ್ಟು, ಆಸ್ಟಿನ್‌ಗೂ ಹಿಟ್ಟು. ಎಲ್ಲರಿಗೂ ಸಿಕ್ಕಿದ್ದೇ ಅವನಿಗೂ ಸಿಕ್ತು. ಅಲ್ವಾ? ಹೇಳು."

"ಹೌದು," ಎಂದೆ. ಅವಳಿಗೆ ಸಮಾಧಾನವಾಗುವುದಾದರೆ ದೇವರೇ ಇಲ್ಲವೆನ್ನಲೂ ನಾನು ಸಿದ್ಧಳಿದ್ದೆ. ಅವಳು ನನ್ನ ಮುಖವನ್ನೇ ನೋಡಿ, ಮೇಜಿನ ಮೇಲೆ ತಲೆಯಿಟ್ಟುಬಿಟ್ಟಳು. ಆ ವಾರ ಅವಳು ಊಟವೆಂದು ಮಾಡಿದ್ದು ಆ ಬಿಲ್ಲೆಗಳನ್ನಷ್ಟೇ ಎಂದರೂ ತಪ್ಪಿಲ್ಲ.

ಅಂತ್ಯಕ್ರಿಯೆಯ ಹಿಂದಿನ ದಿನ, ಬುಧವಾರ, ಬೆಳಗಿನ ಪೂಜೆಗೆ ಬರುತ್ತೇನೆಂದು ಅವಳೇ ಹೇಳಿದಳು. ಅಷ್ಟರಲ್ಲಿ ಫಾದರ್ ಪ್ರಸಾದವನ್ನು ನಮ್ಮ ಚರ್ಚಿಗೆ ಮರಳಿ ತಂದಿದ್ದರು. ಸಾಲಿನಲ್ಲಿ ನಾನು ಅವಳ ಹಿಂದಿದ್ದೆ. ಫಾದರ್ ಅವಳ ಅಂಗೈಯಲ್ಲಿ ಪ್ರಸಾದ ಇಟ್ಟರು. ಅವಳು ಪಕ್ಕಕ್ಕೆ ಸರಿದಳು, ಕೈ ಬಾಯಿಯ ತನಕ ಹೋಯಿತು, ಆದರೆ ಬಾಯಿ ತೆರೆಯಲಿಲ್ಲ. ಮುಷ್ಟಿ ಮುಚ್ಚಿಕೊಂಡು ನೇರವಾಗಿ ಬಾಗಿಲ ಕಡೆ ನಡೆದಳು. ಪ್ರಸಾದವನ್ನು ಕದ್ದೊಯ್ಯುವುದಕ್ಕಿಂತ ದೊಡ್ಡ ಪಾಪ ನಮ್ಮಲ್ಲಿಲ್ಲ. ನಾನು ನನ್ನದನ್ನೂ ತೆಗೆದುಕೊಳ್ಳದೆ ಅವಳ ಹಿಂದೆ ಓಡಿದೆ.

"ವಿನ್, ಏನ್ ಮಾಡ್ತಿದೀಯಾ ನೀನು?"

ಅವಳು ಮಾತಾಡಲಿಲ್ಲ. ಮುಷ್ಟಿಯನ್ನು ಎದೆಗೆ ಒತ್ತಿಕೊಂಡು ಬೀದಿಯಲ್ಲಿ ನಡೆದೇ ನಡೆದಳು. ಎದುರಾದವರು ಎಂದಿನಂತೆ ದಾರಿ ಬಿಟ್ಟರು.

ಹೆಣದ ಪೆಟ್ಟಿಗೆಯವರ ಅಂಗಡಿಯ ಹಿಂದಿನ ಕೋಣೆಯಲ್ಲಿ ಆಸ್ಟಿನ್‌ನನ್ನು ನೀಲಿ ಸೂಟು ತೊಡಿಸಿ ಮಲಗಿಸಿದ್ದರು, ಮುಚ್ಚಳ ಪಕ್ಕಕ್ಕಿತ್ತು. ಅಂಗಡಿಯವನು ನಮ್ಮನ್ನು ಬಿಟ್ಟು ಬಾಗಿಲೆಳೆದುಕೊಂಡ. ವಿನ್ ಪೆಟ್ಟಿಗೆಯ ಮೇಲೆ ಬಾಗಿ ಎಡಗೈಯಿಂದ ಅವನ ಗಲ್ಲ ಹಿಡಿದಳು.

"ಬಾಯಿ ತೆಗಿಯೋ," ಎಂದಳು. "ಈ ಸಲ ನಿಜವಾದ್ದು ತಂದಿದೀನಿ. ತೆಗಿ, ಬಂಗಾರ."

ಹೆಬ್ಬೆರಳಿನಿಂದ ಅವನ ಕೆಳದುಟಿಯನ್ನು ಎಳೆದಳು. ತುಟಿ ಅಲುಗಲಿಲ್ಲ. ಮತ್ತೆ ಎಳೆದಳು, ಉಗುರು ಹಾಕಿದಳು, ಬಳಿದಿದ್ದ ಬಣ್ಣ ಅವಳ ಬೆರಳಿಗೆ ಬಂತು. ಎಳೆಯುತ್ತಲೇ ಇದ್ದಳು. ನನಗೆ ನೋಡಲಾಗಲಿಲ್ಲ.

"ಬರಲ್ಲ ವಿನ್. ಒಳಗಿಂದ ಹೊಲಿದಿರ್ತಾರೆ ಕಣೇ. ಎಲ್ಲರಿಗೂ ಹಾಗೇ ಮಾಡೋದು, ಬಾಯಿ ಬಿಟ್ಕೋಬಾರ್ದು ಅಂತ."

ಅವಳು ಕೈ ತೆಗೆದಳು. ಆಗ ಅವಳ ಗಂಟಲಿನಿಂದ ಬಂದ ಸದ್ದು ಅಳುವಿನದಾಗಿರಲಿಲ್ಲ. ಹೆರಿಗೆ ಮನೆಯಲ್ಲಿ ಕೇಳುವಂಥದ್ದು. ನಾನು ಅವಳ ಭುಜ ಹಿಡಿದುಕೊಂಡೆ. ಮುಷ್ಟಿ ಬಿಚ್ಚಿದಾಗ ಅಂಗೈ ಬೆವರಿಗೆ ಪ್ರಸಾದ ಸ್ವಲ್ಪ ಮೆತ್ತಗಾಗಿತ್ತು, ಅಂಚು ಮುರಿದಿತ್ತು. ಆ ಮುರಿದ ಚೂರನ್ನು ಅವಳು ನಾಲಿಗೆಯ ತುದಿಯಿಂದ ಎತ್ತಿಕೊಂಡದ್ದನ್ನು ನೋಡಿದೆ. ತಾನು ಹಾಗೆ ಮಾಡಿದ್ದು ಅವಳಿಗೇ ಗೊತ್ತಿದ್ದಂತಿರಲಿಲ್ಲ.

"ಕೋಟಿನ ಒಳಜೇಬಲ್ಲಿ ಇಟ್ಬಿಡು," ಎಂದೆ. "ಎದೆ ಮೇಲೆ ಇರ್ಲಿ. ಅವನ ಜೊತೆನೇ ಹೋಗ್ಲಿ. ಯಾರಿಗೂ ಗೊತ್ತಾಗಲ್ಲ."

"ಜೇಬಲ್ಲಾ?" ಅವಳು ನನ್ನನ್ನು ಗುರುತಿಲ್ಲದವಳ ಹಾಗೆ ನೋಡಿದಳು. "ಮಣ್ಣಲ್ಲಿ ಕೊಳೆಯೋಕಾ? ಹುಳ ತಿನ್ನೋಕಾ? ಇವನನ್ನಾ?"

ಇವನನ್ನು ಎಂದದ್ದು ಗಂಡನನ್ನಲ್ಲ, ಅಂಗೈಯಲ್ಲಿದ್ದದ್ದನ್ನು. ಹೇಳಿದ ಮೇಲೆ ಅದು ಅವಳಿಗೇ ಕೇಳಿಸಿತು. ಅವಳ ಮುಖ ಬಿಳಿಚಿಕೊಂಡಿತು. "ಬರೀ ಹಿಟ್ಟು ಅಂದಿದ್ದೆಯಲ್ಲೇ," ಎಂದೆ, ಅವಳಿಗೆ ಇನ್ನೊಂದು ಸಲ ದಾರಿ ಮಾಡಿಕೊಡಲು. "ಹಿಟ್ಟಾದ್ರೆ ಎಲ್ಲಿಟ್ರೇನು? ಕಸದ ಬುಟ್ಟಿಗೆ ಹಾಕು. ಹಾಕಿ ಮನೆಗೆ ಹೋಗೋಣ ನಡಿ." ಮೂಲೆಯಲ್ಲಿ ಬಾಡಿದ ಹೂವು ಹಾಕುವ ಬುಟ್ಟಿ ಇತ್ತು.

ಅವಳು ಬುಟ್ಟಿಯ ತನಕ ಹೋದಳು. ಕೈ ಚಾಚಿದಳು. ಅವಳು ಅದನ್ನು ಬೀಳಿಸಲಿ ಎಂದು ನಾನು ಬೇಡಿಕೊಂಡೆ, ಯಾರನ್ನು ಬೇಡಿಕೊಂಡೆನೋ ತಿಳಿಯದು. ಬೆರಳು ಬಿಟ್ಟರೆ ಸಾಕಿತ್ತು. ಅವಳು ಅಲ್ಲೇ ನಿಂತಿದ್ದಳು, ಬೆರಳುಗಳು ಬಿಚ್ಚಲಿಲ್ಲ. ಆಮೇಲೆ ಕೈಯನ್ನು ಹಿಂದಕ್ಕೆಳೆದುಕೊಂಡು, ಪ್ರಸಾದವನ್ನು ಬಾಯಿಗೆ ಹಾಕಿಕೊಂಡು, ಹಲ್ಲಿಗೆ ತಾಗಿಸದೆ ನುಂಗಿದಳು.

"ನಿಜ ಕಣೇ ಮೋನಿ," ಎಂದಳು. "ನನ್ನ ಹಣೆಬರಹ, ಇದು ನಿಜ. ಅವನಿಗೆ ನಾನು ಬರೀ ಹಿಟ್ಟು ಕೊಟ್ಟು ಕಳಿಸ್ದೆ."

ಆಸ್ಟಿನ್‌ನ ಕೈ ಹಿಡಿದುಕೊಂಡು, ಕ್ಷಮಿಸು ಎಂದು ಅವನಿಗೆ ಹೇಳತೊಡಗಿದಳು. ಅಂಗಡಿಯವನು ಬಂದು ಬಾಗಿಲು ತಟ್ಟುವ ತನಕ ಹೇಳುತ್ತಲೇ ಇದ್ದಳು.